ಒಳಗೆ ಬಿಟ್ಟ ಮಾರ್ಜಿನ್ನು

ನರಸಿಂಹಪ್ಪನ ಬೆನ್ನ ಮೇಲೆ ನಾಲ್ಕು ಮಚ್ಚೆಗಳಿದ್ದವು. ಬಲಭುಜದ ಕೆಳಗಿನದು ಕೋಲಾರ, ಸೊಂಟದ ಹತ್ತಿರದ್ದು ಮಾಲೂರು, ಬೆನ್ನುಮೂಳೆಯ ಎಡಕ್ಕೆ ಶ್ರೀನಿವಾಸಪುರ, ಅಲ್ಲಿಂದ ಒಂದು ಗೇಣು ಆಚೆ ಮುಳಬಾಗಿಲು. ಹೆಸರಿಟ್ಟವಳು ಅವನ ಹೆಂಡತಿ ಮುತ್ಯಾಲಮ್ಮ. ಇಡದೆ ಮತ್ತೇನು ಮಾಡಿಯಾಳು? ತಿಂಗಳಿಗೊಂದು ಸಲ ನೋಡಿ, ಬೆಳೆದಿದೆಯೇ, ಬಣ್ಣ ತಿರುಗಿದೆಯೇ, ಅಂಚು ಕೆಟ್ಟಿದೆಯೇ ಎಂದು ನೆನಪಿಟ್ಟುಕೊಳ್ಳಬೇಕಾದರೆ ಮೇಲಿನದು, ಕೆಳಗಿನದು, ಆಚೆಯದು ಎಂದುಕೊಂಡು ಎಷ್ಟು ದಿನ ನಡೆಯುತ್ತದೆ? ಊರಿನ ಹೆಸರಿಟ್ಟ ಮೇಲೆ ಸುಲಭವಾಯಿತು. ಕಂಡಕ್ಟರು ಸ್ಟಾಪು ಕೂಗಿದ ಹಾಗೆ ಒಂದೊಂದೇ ಕೂಗಿ, ಬೆರಳಿಟ್ಟು ನೋಡುತ್ತಿದ್ದಳು.

"ಕೋಲಾರ ಇದ್ದಂಗೇ ಐತೆ. ಶ್ರೀನಿವಾಸಪುರ ಸರಿ. ಮಾಲೂರು ಯಾಕೋ ಒಂಚೂರು ಕೆಂಪಗೈತಲ್ಲಾ, ಕೆರ್ಕೊಂಡ್ರಾ?"

"ಉಡುದಾರ ಉಜ್ಜಿರ್ಬೇಕು ಕಣೇ."

"ಉಡುದಾರ ಅಷ್ಟು ಮೇಲಕ್ಕೆ ಕಟ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ. ಇನ್ನು ಮುಳಬಾಗ್ಲು. ಅದು ನಮ್ಮೂರ ಕಡೇದು, ಯಾವತ್ತೂ ತಂಟೆ ಮಾಡಲ್ಲ."

ಮುತ್ಯಾಲಮ್ಮನ ತವರು ಮುಳಬಾಗಿಲು ತಾಲ್ಲೂಕಿನ ಬೈರಕೂರು. ಅವಳ ಕನ್ನಡದಲ್ಲಿ ತೆಲುಗಿನ ರಾಗವಿತ್ತು. ಗಾಬರಿಯಾದರೆ ಮಾತೇ ಪೂರ್ತಿ ತೆಲುಗಾಗಿಬಿಡುತ್ತಿತ್ತು.

ಈ ತಪಾಸಣೆ ಅಮಾವಾಸ್ಯೆಯ ಕೆಲಸ. ಅಮಾವಾಸ್ಯೆಯ ದಿನ ಹೊಸ ಬಟ್ಟೆಗೆ ಕತ್ತರಿ ಹಾಕುವಂತಿಲ್ಲ, ಹಾಗಾಗಿ ಶ್ರೀನಿವಾಸಪುರದ ಅಂಗಡಿಬೀದಿಯಲ್ಲಿದ್ದ ನರಸಿಂಹಪ್ಪನ ಹೊಲಿಗೆ ಅಂಗಡಿಗೆ ಅಂದು ರಜಾ. ಬೆಳಿಗ್ಗೆ ಎರಡೂ ಮೆಷಿನ್ನು ಬಿಚ್ಚಿ, ನೂಲಿನ ಕಸ ತೆಗೆದು, ಎಣ್ಣೆ ಬಿಡುವುದು. ಆಮೇಲೆ ಹಿತ್ತಲಿನ ನುಗ್ಗೆ ಮರದ ಪಕ್ಕದ ಕಲ್ಲಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುವುದು. "ಮೆಷಿನ್ನಿಗೂ ನಿಮಗೂ ಒಂದೇ ದಿನ ಸರ್ವೀಸು," ಎಂದು ಮುತ್ಯಾಲಮ್ಮ ನಗುತ್ತಿದ್ದಳು. ಮೂರು ವರ್ಷದಿಂದ ಒಂದು ಅಮಾವಾಸ್ಯೆಯೂ ತಪ್ಪಿರಲಿಲ್ಲ.

"ಮುಂದ್ಗಡೆ?" ಎಂದು ಅವಳು ಕೇಳಿದಳು.

"ನಾನೇ ನೋಡ್ಕೊಂಡೆ. ಏನೂ ಇಲ್ಲ."

ಇದು ಸುಳ್ಳು. ಎಂಬತ್ತನೇ ಇಸವಿಯ ಜೂನ್ ತಿಂಗಳು ಅದು. ಮೂರು ದಿನದ ಹಿಂದೆ ಸ್ನಾನ ಮಾಡುವಾಗ ಬಲತೊಡೆಯ ಸಂದಿಯಲ್ಲಿ ಹುಣಸೆಬೀಜದಷ್ಟು ಗಂಟು ಅವನ ಕೈಗೆ ಸಿಕ್ಕಿತ್ತು. ತಿಂಗಳು ತಿಂಗಳು ಒತ್ತಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದ ಜಾಗಗಳಲ್ಲಿ ಮೊದಲನೆಯದೇ ಅದು. ಮೂರು ದಿನವೂ ಅದನ್ನು ಒತ್ತಿ ನೋಡಿದ್ದ. ಅದು ಅಲ್ಲೇ ಇತ್ತು.

ನಾಮ ಬಿಚ್ಚಿಕೊಳ್ಳೋಕೆ ಶುರುವಾಯ್ತು ಎಂದುಕೊಂಡ.

ನಾಮ ಎಂದರೇನೆಂದು ಈಗ ಹೇಳಬೇಕು. ಎಪ್ಪತ್ತೇಳರಲ್ಲಿ ಅವನ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಕಾಣಿಸಿತು. ಮೆಷಿನ್ನಿನ ಎಣ್ಣೆ ಮೆತ್ತಿಕೊಂಡಿದೆ ಎಂದು ಸೀಗೆಪುಡಿ ಹಾಕಿ ಉಜ್ಜಿದ, ಹೋಗಲಿಲ್ಲ. ದಿನವಿಡೀ ಪೆಡಲ್ ತುಳಿಯುವವನ ಕಾಲಿಗೆ ಆಣಿಯಾಗದೆ ಇನ್ನೇನಾಗುತ್ತದೆ ಎಂದು ಬೀದಿಯವರೆಲ್ಲ ತೀರ್ಪು ಕೊಟ್ಟರು. ಸರಿ, ಆಣಿ ತೆಗೆಯುವವನ ಮುಂದೆ ಕಾಲು ಚಾಚಿ ಎರಡು ಸಲ ಕೆತ್ತಿಸಿಕೊಂಡ. ಮೂರನೆಯ ಸಲ ರಕ್ತ ನಿಲ್ಲಲಿಲ್ಲ. ಕೋಲಾರದ ಡಾಕ್ಟರು ಒಂದು ನಿಮಿಷ ನೋಡಿ, ಚೀಟಿ ಬರೆದು, "ನಾಳೇನೇ ಬೆಂಗಳೂರಿಗೆ ಹೋಗಿ" ಎಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹಿಮ್ಮಡಿಯನ್ನು ಅಷ್ಟಗಲ ಕತ್ತರಿಸಿ ತೆಗೆದು, ತೊಡೆಯ ಚರ್ಮ ತಂದು ಅಲ್ಲಿಗೆ ಹಾಕಿದರು.

ರೋಗದ ಹೆಸರು ಮೆಲನೋಮ, ಮಚ್ಚೆಯ ಹಾಗೆ ಕಾಣುವ ಚರ್ಮದ ಕ್ಯಾನ್ಸರು. ಮುತ್ಯಾಲಮ್ಮನ ಕಿವಿಗೆ ಅದು 'ಮೇಲಿನ ನಾಮ' ಎಂದು ಬಿತ್ತು. "ನಾಮ ಹಣೆಗೆ ಇಡೋದಲ್ವೇನಮ್ಮಾ? ಇವ್ರಿಗೆ ಕಾಲಿಗ್ಯಾಕೆ ಬಂತು?" ಎಂದು ನರ್ಸಮ್ಮನನ್ನು ಕೇಳಿದ್ದಳು. ಮಂಚದ ಮೇಲಿದ್ದ ನರಸಿಂಹಪ್ಪನಿಗೆ ಆ ನೋವಿನಲ್ಲೂ ನಗು ಬಂತು. "ದೇವ್ರು ನನಗೆ ಹಾಕಿರೋ ನಾಮ ಕಣೇ ಇದು," ಎಂದ. ಅಂದಿನಿಂದ ಅವರ ಮನೆಯಲ್ಲಿ ರೋಗಕ್ಕೆ ನಾಮ ಎಂದೇ ಹೆಸರಾಯಿತು.

ಪಟ್ಟಿ ಬಿಚ್ಚಿದ ದಿನ ಅವನು ಕಾಲನ್ನು ಮಡಿಲಿಗೆ ಎಳೆದುಕೊಂಡು ಬಹಳ ಹೊತ್ತು ನೋಡಿದ. "ತೇಪೆ ಚೆನ್ನಾಗಿ ಹಾಕಿದೀರಿ ಸ್ವಾಮೀ. ಹೊಲಿಗೆ ಮಾತ್ರ ಈ ಮೂಲೇಲಿ ಒಂಚೂರು ಎಳ್ಕೊಂಡೈತೆ," ಎಂದ. ಆಪರೇಷನ್ ಮಾಡಿದ್ದ ಡಾಕ್ಟರು ನಕ್ಕರು. ಇವನು ದರ್ಜಿ ಎಂದು ಅವರಿಗೆ ಆಗ ತಿಳಿಯಿತು. ಪಾಪ, ಒಳ್ಳೆಯ ಮನುಷ್ಯ, ಇವನಿಗೆ ತಿಳಿಯುವ ಮಾತಿನಲ್ಲೇ ಧೈರ್ಯ ಹೇಳೋಣ ಎಂದುಕೊಂಡರೋ ಏನೋ. "ಭಯ ಪಡಬೇಡಿ ನರಸಿಂಹಪ್ಪ. ಸುತ್ತ ಒಂದೂವರೆ ಇಂಚು ಮಾರ್ಜಿನ್ ಬಿಟ್ಟೇ ಕತ್ತರಿಸಿದೀವಿ," ಎಂದರು.

ಬೇರೆ ಯಾರಿಗೆ ಹೇಳಿದ್ದರೂ ಆ ಮಾತು ಅರ್ಥವಾಗದೆ ಗಾಳಿಗೆ ಹೋಗುತ್ತಿತ್ತು. ನರಸಿಂಹಪ್ಪನ ಗ್ರಹಚಾರ, ಅವನಿಗೆ ಅರ್ಥವಾಯಿತು.

ಮಾರ್ಜಿನ್ ಎಂದರೇನೆಂದು ಅವನಿಗೆ ಬೇರೆಯವರು ಹೇಳಿಕೊಡಬೇಕೇ? ಮಾವಿನ ಮಂಡಿಯ ಚನ್ನರಾಯಪ್ಪ ಪ್ರತಿ ವರ್ಷ ಸುಗ್ಗಿಗೆ ಮುಂಚೆ ಒಳಜೇಬಿನ ಬನಿಯನ್ನು ಹೊಲಿಸಲು ಬಂದಾಗ, "ಒಳಗೆ ಧಾರಾಳವಾಗಿ ಮಾರ್ಜಿನ್ ಬಿಡಪ್ಪಾ, ಈ ಸಲ ಕಾಯಿ ಚೆನ್ನಾಗೈತೆ, ಕಾಯಿ ಜತೆ ನಾನೂ ಊದ್ಕೊಂತೀನಿ" ಎನ್ನುತ್ತಿದ್ದ. ಮಾರ್ಜಿನ್ ಎಂದರೆ ಹೊಲಿಗೆಯ ಒಳಗೆ ಮಡಿಸಿ ಬಿಟ್ಟ ಬಟ್ಟೆ. ಹೊರಗಿನಿಂದ ನೋಡಿದವರಿಗೆ ಕಾಣುವುದಿಲ್ಲ. ಮುಂದೆ ಒಂದು ದಿನ ಹೊಲಿಗೆ ಬಿಚ್ಚಿದರೆ ಹೊರಗೆ ಬರುತ್ತದೆ. ಅಂದಮೇಲೆ ಡಾಕ್ಟರು ನಾಮವನ್ನು ಪೂರ್ತಿ ತೆಗೆದಿಲ್ಲ. ಒಂದೂವರೆ ಇಂಚು ಒಳಗೆ ಮಡಿಸಿ, ಮೇಲೆ ತೇಪೆ ಹಾಕಿದ್ದಾರೆ. ಪೂರ್ತಿ ತೆಗೆದರೆ ಕಾಲೇ ಹೋಗುತ್ತದೆಂದು ಬಿಟ್ಟಿರಬೇಕು ಎಂದು ಅವರ ಪರವಾಗಿ ಕಾರಣವನ್ನೂ ಅವನೇ ಹುಡುಕಿಕೊಟ್ಟ.

ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬಹುದಿತ್ತು. ಆದರೆ ತನ್ನ ಕಸುಬಿನ ಮಾತನ್ನೇ ಬಿಡಿಸಿ ಹೇಳಿ ಎಂದು ಯಾವ ಕಸುಬುದಾರ ಕೇಳಿದ್ದಾನೆ? ಮೇಲಾಗಿ, ಹೌದು ಎಂದುಬಿಟ್ಟರೆ ಏನು ಗತಿ ಎಂಬ ಹೆದರಿಕೆ ಬೇರೆ. ಆರು ತಿಂಗಳಿಗೊಮ್ಮೆ ಹೋದಾಗ ಡಾಕ್ಟರು ಕಾಲು ನೋಡಿ, ತೊಡೆಸಂದಿ ಒತ್ತಿ, "ಚೆನ್ನಾಗಿದೆ" ಎನ್ನುವರು. ಇನ್ನೂ ಬಿಚ್ಚಿಕೊಂಡಿಲ್ಲ ಎಂದು ಇವನು ಅರ್ಥ ಮಾಡಿಕೊಂಡು, ಕೈಮುಗಿದು, ಬಸ್ಸು ಹತ್ತಿ ಬರುವನು. ಹೆಂಡತಿಗೂ ಹೇಳಲಿಲ್ಲ. ಅವಳು ನಗುನಗುತ್ತಾ ಬೆನ್ನಿನ ಮೇಲೆ ಊರು ಎಣಿಸುತ್ತಿದ್ದಳು, ಆ ನಗು ಯಾಕೆ ಕೆಡಿಸಬೇಕು ಎಂದು ಸುಮ್ಮನಾದ.

ಹೊರಗಿನವರಿಗೆ ಅವನಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹೊತ್ತಿಗೆ ಸರಿಯಾಗಿ ಅಂಗಡಿ ತೆರೆದ, ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ, ಚನ್ನರಾಯಪ್ಪನ ಹೊಟ್ಟೆಯ ಬಗ್ಗೆ ತಮಾಷೆ ಮಾಡಿದ. ಒಂದು ಕೆಲಸ ಮಾತ್ರ ಮಾಡಲಿಲ್ಲ. ಆಪರೇಷನ್ ಆದ ವರ್ಷ ಮುತ್ಯಾಲಮ್ಮ ಅವನಿಗೆಂದು ಆಕಾಶದ ಬಣ್ಣದ ಎರಡೂವರೆ ಮೀಟರ್ ಟೆರಿಕಾಟ್ ತಂದಿದ್ದಳು. ಅದಕ್ಕೆ ಅವನು ಕತ್ತರಿ ಹಾಕಲಿಲ್ಲ. ಹಬ್ಬ ಬಂದಾಗಲೆಲ್ಲ "ಗಿರಾಕಿಗಳದ್ದು ಮುಗೀಲಿ" ಎನ್ನುತ್ತಿದ್ದ. ಊರಿಗೆಲ್ಲ ಹೊಸ ಶರ್ಟು ಹೊಲಿದುಕೊಟ್ಟು, ತಾನು ಕಾಲರ್ ತಿರುಗಿಸಿ ಹೊಲಿದ ಎರಡು ಹಳೆಯ ಶರ್ಟುಗಳಲ್ಲೇ ಮೂರು ವರ್ಷ ಕಳೆದ. ಉಳಿಯುವುದು ಗೊತ್ತಿಲ್ಲದ ಮೈಗೆ ಹೊಸ ಬಟ್ಟೆ ಕತ್ತರಿಸಿ ದಂಡ ಮಾಡುವುದೇಕೆ ಎಂಬುದು ಅವನ ಲೆಕ್ಕಾಚಾರ. ಹೆಂಡತಿಯ ಮುಂದೆ ಈ ಮಾತನ್ನು ಆಡುವ ಧೈರ್ಯ ಅವನಿಗಿರಲಿಲ್ಲ.

ಈಗ ಗಂಟು ಬಂದಿತ್ತು. ಕಲ್ಲಿನ ಮೇಲೆ ಕೂತು, ಶರ್ಟು ತೊಡುತ್ತಾ, ಅವನು ಒಂದು ತೀರ್ಮಾನಕ್ಕೆ ಬಂದ.

"ನಾಳೆಯಿಂದ ನೀನು ಕಟಿಂಗ್ ಕಲಿ."

"ನಾನಾ?"

"ಇನ್ಯಾರು? ಎರಡನೇ ಮೆಷಿನ್ನು ಸುಮ್ನೆ ಬಿದ್ದೈತೆ."

ಮಕ್ಕಳಿಲ್ಲದ ಮನೆ ಅದು. ಮುತ್ಯಾಲಮ್ಮ ಕಾಜಾ ಹಾಕುವಳು, ಗುಂಡಿ ಹೊಲಿಯುವಳು, ರವಿಕೆಯ ಅಂಚು ಮಡಿಸುವಳು, ಬೇಕಾದರೆ ನೇರ ಹೊಲಿಗೆಯನ್ನೂ ಓಡಿಸುವಳು. ದೊಡ್ಡ ಕತ್ತರಿಯನ್ನು ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಮುಟ್ಟಿರಲಿಲ್ಲ. "ಹೊಲಿಗೆ ತಪ್ಪಿದ್ರೆ ಬಿಚ್ಬೋದು. ಕತ್ತರಿ ತಪ್ಪಿದ್ರೆ ಏನ್ ಮಾಡೋದು?" ಎಂಬುದು ಅವಳ ಭಯ. ಆ ಭಯದಲ್ಲಿ ತಪ್ಪೇನೂ ಇರಲಿಲ್ಲ.

ಮಾವಿನ ಸುಗ್ಗಿ ಜೋರಾಗಿ ನಡೆದಿತ್ತು. ಬೀದಿ ತುಂಬಾ ಗಾಡಿ, ಲಾರಿ, ಹುಲ್ಲು, ಬುಟ್ಟಿ. ಅಂಗಡಿಯ ಒಳಗೆ ಗಂಡ ಹೆಂಡತಿಗೆ ಹಳೆಯ ಪೇಪರಿನ ಮೇಲೆ ರವಿಕೆ ಕತ್ತರಿಸುವುದನ್ನು ಹೇಳಿಕೊಡುತ್ತಿದ್ದ. ಮೊದಲ ವಾರ ನಗುತ್ತಾ ಹೇಳಿಕೊಟ್ಟ. ಎರಡನೆಯ ವಾರ ನಗು ನಿಂತಿತು. ಕಂಕುಳ ತಿರುವಿನಲ್ಲಿ ಅವಳ ಗೆರೆ ಸೊಟ್ಟಗಾದರೆ ಸೀಮೆಸುಣ್ಣ ಕಸಿದುಕೊಂಡು ತಾನೇ ಗೀರುತ್ತಿದ್ದ. "ಶರ್ಟು ಪ್ಯಾಂಟು ಬಿಡು, ರವಿಕೆ ಒಂದು ಕೈಗೆ ಹತ್ತಿದ್ರೆ ಸಾಕು. ಊರಲ್ಲಿ ಹೆಂಗಸರು ಇರೋವರೆಗೂ ರವಿಕೆ ಕೆಲಸ ಇರ್ತದೆ," ಎನ್ನುತ್ತಿದ್ದ. ಯಾರ ಊಟದ ಚಿಂತೆ ಇದು ಎಂದು ಅವಳಿಗೆ ಹೊಳೆಯಲಿಲ್ಲ. ವಯಸ್ಸಾದ ಮೇಲೆ ಗಂಡನಿಗೆ ಮೇಷ್ಟ್ರಾಗುವ ಹುಚ್ಚು ಹತ್ತಿದೆ ಎಂದುಕೊಂಡಳು. ದಿನಾ ಮಧ್ಯಾಹ್ನ ಅವನು ಪರದೆಯ ಹಿಂದೆ ಹೋಗಿ ಗಂಟನ್ನು ಒತ್ತಿ ನೋಡಿ ಬರುತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ.

ಮೂರನೆಯ ವಾರ ಪಕ್ಕದ ಬೀದಿಯ ಅಂಜಮ್ಮ ರವಿಕೆಗೆ ಕೊಟ್ಟಿದ್ದ ಹಸಿರು ಬಟ್ಟೆಯನ್ನು ಮುತ್ಯಾಲಮ್ಮನ ಮುಂದೆ ಇಟ್ಟ. ಪೇಪರಲ್ಲ, ನಿಜವಾದ ಬಟ್ಟೆ. ಅವಳು ದೇವರನ್ನು ನೆನೆದು ಕತ್ತರಿ ಹಾಕಿದಳು. ಬೆನ್ನು ಸರಿಯಾಗಿ ಬಂತು, ಮುಂಭಾಗ ಸರಿಯಾಗಿ ಬಂತು. ಬೆವರು ಒರೆಸಿಕೊಂಡು ತೋಳುಗಳನ್ನು ಕತ್ತರಿಸಿ, ಎರಡನ್ನೂ ಎತ್ತಿ ಹಿಡಿದಳು. ಎರಡೂ ಎಡಗೈ ತೋಳುಗಳು.

ಇನ್ನೊಂದು ದಿನವಾಗಿದ್ದರೆ ನರಸಿಂಹಪ್ಪ ಬಿದ್ದು ಬಿದ್ದು ನಗುತ್ತಿದ್ದ. ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪೇ ಅದು, ಅವನೂ ಮಾಡಿದ್ದ. ಆದರೆ ಅಂದು ಬೆಳಿಗ್ಗೆ ಗಂಟು ಒಂದಿಷ್ಟು ದೊಡ್ಡದಾಗಿದೆ ಎಂದು ಅನ್ನಿಸಿತ್ತು. ಸ್ಕೇಲನ್ನು ಮೇಜಿಗೆ ಬಡಿದ.

"ಅಂಜಮ್ಮನಿಗೇನು ಎರಡೂ ಎಡಗೈನೇನೇ? ಕಣ್ಣು ಎಲ್ಲಿಟ್ಟಿದ್ದೆ? ನಾಳೆ ನಾನಿಲ್ದೇ ಹೋದ್ರೆ ಇದನ್ನೆಲ್ಲಾ ಯಾರು ಸರಿ ಮಾಡ್ತಾರೆ?"

ಬೀದಿಯಲ್ಲಿ ಲಾರಿಯೊಂದು ಹಾರನ್ ಹೊಡೆಯುತ್ತಾ ಹೋಯಿತು. ಮುತ್ಯಾಲಮ್ಮ ತೋಳುಗಳನ್ನು ನಿಧಾನವಾಗಿ ಕೆಳಗಿಟ್ಟಳು. ಅವನ ಮುಖ ನೋಡಿದಳು. ಮೂರು ವಾರದ ಈ ಅವಸರದ ಹಿಂದೆ ಏನೋ ಇದೆ ಎಂದು ಅವಳಿಗೆ ಒಂದೇ ಸಲಕ್ಕೆ ಹೊಳೆಯಿತು.

"ಏಮಯಿಂದಿ?" ಎಂದಳು. ಏನಾಯಿತು ಎಂದು ಕನ್ನಡದಲ್ಲಿ ಕೇಳುವಷ್ಟು ಸಮಾಧಾನ ಅವಳಲ್ಲಿ ಉಳಿದಿರಲಿಲ್ಲ.

ಅವನು ಸ್ಟೂಲಿನ ಮೇಲೆ ಕುಳಿತ. ಗಂಟಿನ ವಿಷಯ ಹೇಳಿದ. ಹೇಳಲು ಶುರುಮಾಡಿದ ಮೇಲೆ ಮಾರ್ಜಿನ್ನಿನ ವಿಷಯವೂ ಬಂತು. ಒಳಗೆ ಒಂದೂವರೆ ಇಂಚು ಬಿಟ್ಟಿದ್ದಾರೆ, ಇಷ್ಟು ದಿನ ಹೊಲಿಗೆ ತಡೆದುಕೊಂಡಿತ್ತು, ಈಗ ಬಿಚ್ಚಿಕೊಂಡು ಮೇಲಕ್ಕೆ ಹತ್ತಿದೆ. ಬೇರೆ ಯಾರದೋ ಬಟ್ಟೆಯ ವಿಷಯ ಹೇಳುವ ಹಾಗೆ ಶಾಂತವಾಗಿ ಹೇಳಿದ. ಕೊನೆಗೆ ಮಾತ್ರ, "ನನಗೆ ಭಯ ಆಗ್ತದೆ ಕಣೇ. ಮೂರು ವರ್ಷದಿಂದ ದಿನಾ ಭಯ ಆಗ್ತದೆ," ಎಂದ.

ಮುತ್ಯಾಲಮ್ಮ ಅಳಲಿಲ್ಲ. ಅವಳಿಗೆ ಮೊದಲು ಬಂದದ್ದು ಕೋಪ.

"ನಾನು ಪ್ರತಿ ಅಮಾವಾಸ್ಯೆ ಕೋಲಾರ, ಮಾಲೂರು ಅಂತ ಎಣಿಸ್ಕೊಂಡು ನಗ್ತಾ ಇದ್ನಲ್ಲಾ, ಅವಾಗೆಲ್ಲಾ ಇದನ್ನ ಹೊಟ್ಟೇಲಿಟ್ಕೊಂಡಿದ್ರಾ?"

"ಹೂಂ."

"ಹಾಳಾಗ್ಹೋಗ್ಲಿ ನಿಮ್ಮ ಹೊಟ್ಟೆ!" ಎಂದಳು. ತೋಳುಗಳನ್ನು ಮಡಿಸಿ ಪಕ್ಕಕ್ಕಿಟ್ಟು, "ಡಾಕ್ಟ್ರನ್ನ ಕೇಳಿದ್ರಾ, ಯಾಕೆ ಬಿಟ್ರಿ ಅಂತ?" ಎಂದು ಕೇಳಿದಳು.

"ಇಲ್ಲ."

"ಒಂದು ರವಿಕೆಗೆ ನೂರು ಸಲ ಕೇಳ್ತೀರಿ, ಕತ್ತು ಎಷ್ಟಮ್ಮಾ, ತೋಳು ಎಷ್ಟಮ್ಮಾ ಅಂತ. ನಿಮ್ಮ ಜೀವದ ವಿಷ್ಯ ಒಂದು ಮಾತು ಕೇಳಕ್ಕಾಗ್ಲಿಲ್ವಾ?" ಅವಳು ಎದ್ದು ಅಂಗಡಿಯ ಬಾಗಿಲು ಎಳೆಯತೊಡಗಿದಳು. "ನಾಳೆ ಮೊದಲ್ನೇ ಬಸ್ಸು. ಅಂಜಮ್ಮನಿಗೆ ನಾನು ಹೇಳ್ಕೋತೀನಿ."

ಬೆಂಗಳೂರಿನಲ್ಲಿ ಅದೇ ಡಾಕ್ಟರು ಸಿಕ್ಕಿದರು. ಮೂರು ವರ್ಷದಲ್ಲಿ ತಲೆ ಸ್ವಲ್ಪ ನರೆತಿತ್ತು. ಅವರು ಗಂಟನ್ನು ಒತ್ತಿ ನೋಡಿದರು, ಆಮೇಲೆ ಕಾಲು ತಿರುಗಿಸಿ ನೋಡಿದರು. ತೇಪೆಯ ಅಂಚಿನಲ್ಲಿ ಚರ್ಮ ಬಿರಿದು ಕೀವು ಕಟ್ಟಿತ್ತು.

"ಇದು ಎಷ್ಟು ದಿನದಿಂದ?"

"ಒಂದು ತಿಂಗಳ ಮೇಲಾಯ್ತು ಸ್ವಾಮೀ. ಸುಗ್ಗಿ ಕೆಲಸ, ಪೆಡಲ್ ತುಳಿದೂ ತುಳಿದೂ ಒಡೀತು."

"ಕಾಲಲ್ಲಿ ಕೀವಾದ್ರೂ ತೊಡೆಸಂದೀಲಿ ಇಂಥ ಗಂಟು ಬರುತ್ತೆ. ಹಳೇ ಕಾಯಿಲೆ ಬಂದ್ರೂ ಬರುತ್ತೆ. ಯಾವುದು ಅಂತ ಕೈಯಲ್ಲಿ ಮುಟ್ಟಿ ಹೇಳೋಕಾಗಲ್ಲ. ನಾಳೆ ಗಂಟು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಹತ್ತು ಹನ್ನೆರಡು ದಿನ ಆಗುತ್ತೆ."

ಮುತ್ಯಾಲಮ್ಮ ಗಂಡನ ಪಕ್ಕೆಗೆ ತಿವಿದಳು. "ಕೇಳಿ."

ನರಸಿಂಹಪ್ಪ ಗಂಟಲು ಸರಿ ಮಾಡಿಕೊಂಡ. "ಆ ಮಾರ್ಜಿನ್ನು ಸ್ವಾಮೀ... ಅದನ್ನ ಯಾವಾಗ ತೆಗೀತೀರಿ?"

"ಯಾವ ಮಾರ್ಜಿನ್ನು?"

"ಅವತ್ತು ಬಿಟ್ರಲ್ಲಾ. ಒಂದೂವರೆ ಇಂಚು. ಒಳಗೆ."

ಪಕ್ಕದಲ್ಲಿದ್ದ ನರ್ಸಮ್ಮ ಕಿಸಕ್ಕನೆ ನಕ್ಕಳು. ಡಾಕ್ಟರು ನಗಲಿಲ್ಲ. ಇವನ ಮುಖವನ್ನೂ, ಇವನ ಹೆಂಡತಿಯ ಮುಖವನ್ನೂ ನೋಡಿದರು. ಮೇಜಿನ ಮೇಲಿದ್ದ ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಕಪ್ಪು ಚುಕ್ಕೆ ಇಟ್ಟು, ಅದರ ಸುತ್ತ ದೂರದಲ್ಲಿ ಒಂದು ದೊಡ್ಡ ಸುತ್ತು ಎಳೆದರು.

"ಇದು ಕಾಯಿಲೆ. ಇದರ ಸುತ್ತ ಇರೋದು ಒಳ್ಳೇ ಚರ್ಮ. ನಾನು ಕತ್ತರಿಸಿದ್ದು ಕಾಯಿಲೆ ಅಂಚಲ್ಲಿ ಅಲ್ಲ, ಇಲ್ಲಿ, ಈ ದೊಡ್ಡ ಸುತ್ತಲ್ಲಿ. ನಡುವೆ ಇರೋದಕ್ಕೆ ನಾವು ಮಾರ್ಜಿನ್ ಅಂತೀವಿ. ಅದು ನಿಮ್ಮ ಕಾಲಲ್ಲಿಲ್ಲ ನರಸಿಂಹಪ್ಪ. ಕಾಯಿಲೆ ಜತೆ ಅದೂ ಹೊರಗೆ ಹೋಯ್ತು."

ನರಸಿಂಹಪ್ಪ ಚೀಟಿಯನ್ನು ಕೈಗೆ ತೆಗೆದುಕೊಂಡ. ಸುತ್ತಿನ ಮೇಲೆ ಬೆರಳಾಡಿಸಿದ. "ಅಂದ್ರೆ ಒಳ್ಳೇ ಬಟ್ಟೇನೂ ಸೇರಿಸಿ ಕತ್ತರಿಸಿಬಿಟ್ರಿ."

"ಹೌದು."

"ಒಳಗೆ ಏನೂ ಮಡಿಸಿಟ್ಟಿಲ್ಲ."

"ಕಣ್ಣಿಗೆ ಕಂಡಿದ್ದು ಒಂಚೂರೂ ಬಿಟ್ಟಿಲ್ಲ. ಕಣ್ಣಿಗೆ ಕಾಣದ್ದು ಎಲ್ಲಾದ್ರೂ ಉಳಿದಿದೆಯಾ ಅಂದ್ರೆ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿರಲ್ಲ. ಅದಕ್ಕೇ ತಿಂಗಳು ತಿಂಗಳು ನೋಡ್ಕೊಳ್ಳಿ ಅಂದಿದ್ದು."

"ಗೊತ್ತಿಲ್ವಾ ಸ್ವಾಮೀ?"

"ಗೊತ್ತಿಲ್ಲ."

"ನಿಮಗೇ ಗೊತ್ತಿಲ್ವಾ?" ಎಂದು ಮತ್ತೆ ಕೇಳಿದ. ಅವನ ಮುಖ ಅರಳಿದ್ದು ಕಂಡು ಡಾಕ್ಟರಿಗೆ ಆಶ್ಚರ್ಯವಾಗಿರಬೇಕು. ಗೊತ್ತಿಲ್ಲ ಎಂದಾಗ ಅಳುವ ರೋಗಿಗಳನ್ನು ಅವರು ನೋಡಿದ್ದರು, ಸಂತೋಷಪಡುವವನನ್ನು ನೋಡಿರಲಿಲ್ಲ. ಮೂರು ವರ್ಷದಿಂದ ಈ ಮನುಷ್ಯನಿಗೆ ಎಲ್ಲವೂ ಗೊತ್ತಿತ್ತು, ಅವನ ಕಷ್ಟವೇ ಅದಾಗಿತ್ತು ಎಂದು ಅವರಿಗೆ ಹೇಗೆ ತಿಳಿಯಬೇಕು?

ಮಾರನೆಯ ದಿನ ಗಂಟು ತೆಗೆದು, ಮೂರು ಹೊಲಿಗೆ ಹಾಕಿ, ಕಾಲಿನ ಕೀವಿಗೆ ಮಾತ್ರೆ ಕೊಟ್ಟು, ಮುಂದಿನ ಮಂಗಳವಾರ ಬಿಟ್ಟು ಅದರಾಚೆಯ ಮಂಗಳವಾರ ಬನ್ನಿ ಎಂದು ಕಳಿಸಿದರು. ಬಸ್ಸು ನರಸಾಪುರ ದಾಟುವಾಗ ನರಸಿಂಹಪ್ಪ ಇದ್ದಕ್ಕಿದ್ದಂತೆ ನಗಲು ಶುರುಮಾಡಿದ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಆಮೇಲೆ ಬರೀ ನೀರೇ ಉಳಿಯಿತು. ಮುತ್ಯಾಲಮ್ಮ ಸೆರಗಿನ ತುದಿ ಕೊಟ್ಟಳು.

"ಇಲ್ದೇ ಇರೋ ಮಾರ್ಜಿನ್ನ ಹೊತ್ಕೊಂಡು ಮೂರು ವರ್ಷ ತಿರುಗಿದ್ರಲ್ರೀ. ನಿಮ್ಮಂಥ ಬುದ್ಧಿವಂತ್ರು ಕೋಲಾರ ಜಿಲ್ಲೇಲಿ ಇನ್ನೊಬ್ರು ಇಲ್ಲ."

"ಗಂಟಂತೂ ಇತ್ತಲ್ಲೇ," ಎಂದ ಅವನು ಮೂಗು ಒರೆಸಿಕೊಳ್ಳುತ್ತಾ.

"ಇತ್ತು," ಎಂದಳು.

ಹನ್ನೆರಡು ದಿನ. ಭಯ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ಬರುತ್ತಿತ್ತು, ಊಟದ ನಡುವೆ ಬರುತ್ತಿತ್ತು, ಸೂಜಿಗೆ ದಾರ ಪೋಣಿಸುವಾಗಲೂ ಬರುತ್ತಿತ್ತು. ಆದರೆ ಈಗ ಬಂದಾಗ ಅವನು ಜೋರಾಗಿ, "ಬಂತು ನೋಡೇ," ಎನ್ನುತ್ತಿದ್ದ. ಅವಳು, "ಬರ್ಲಿ, ಕೂರ್ಲಿ, ಹೋಗ್ಲಿ," ಎಂದು ತನ್ನ ಪಾಡಿಗೆ ಕಾಜಾ ಹಾಕುತ್ತಿದ್ದಳು. ಇಬ್ಬರಿಗೂ ಗೊತ್ತಾದ ಮೇಲೆ ಅದರ ಭಾರ ಸ್ವಲ್ಪ ಇಳಿದಿತ್ತು. ಕಾಲು ಊರಬಾರದು ಎಂದಿದ್ದರಿಂದ ಅವನು ಕುರ್ಚಿಯ ಮೇಲೆ ಕಾಲು ನೀಡಿಕೊಂಡು ಹೇಳುವುದು, ಅವಳು ಮೆಷಿನ್ನು ತುಳಿಯುವುದು. ಅಂಜಮ್ಮನಿಗೆ ಹೊಸ ಬಟ್ಟೆ ತಂದು, ಒಂದು ಎಡಗೈ ಒಂದು ಬಲಗೈ ಇರುವ ರವಿಕೆಯನ್ನೇ ಕೊಟ್ಟರು.

ಆ ಶನಿವಾರ ಮತ್ತೆ ಅಮಾವಾಸ್ಯೆ ಬಂತು. ಮೆಷಿನ್ನುಗಳಿಗೆ ಎಣ್ಣೆ ಬಿಟ್ಟು ಹಿತ್ತಲಿನ ಕಲ್ಲಿನ ಮೇಲೆ ಕುಳಿತಾಯಿತು.

"ಕೋಲಾರ ಐತೆ. ಮಾಲೂರು ಕೆಂಪು ಹೋಯ್ತು, ಸರಿಹೋಗೈತೆ. ಶ್ರೀನಿವಾಸಪುರ, ಮುಳಬಾಗ್ಲು. ಹೊಸ ಊರು ಯಾವುದೂ ಹುಟ್ಟಿಲ್ಲ. ಈಗ ಈ ಕಡೆ ತಿರುಗಿ."

"ಮುಂದ್ಗಡೆ ನಾನೇ..."

"ನೀವು ನೋಡ್ಕೊಂಡಿದ್ದು ಸಾಕು. ತಿರುಗಿ ಅಂದ್ನಲ್ಲಾ."

"ಹಗಲೊತ್ತಲ್ಲಿ, ಹಿತ್ತಲಲ್ಲಿ! ನಾಚಿಕೆ ಆಗಲ್ವೇನೇ ನಿನಗೆ?"

"ಇಲ್ಲ," ಎಂದಳು. ಒಳಗೆ ಕರೆದುಕೊಂಡು ಹೋಗಿ, ಕಿಟಕಿಯ ಬೆಳಕಿಗೆ ನಿಲ್ಲಿಸಿ, ತೊಡೆಸಂದಿಯ ಎರಡೂ ಕಡೆ ಡಾಕ್ಟರು ತೋರಿಸಿಕೊಟ್ಟಂತೆ ಮೂರು ಬೆರಳಿಟ್ಟು ಒತ್ತಿದಳು. ಹೊಲಿಗೆ ಹಾಕಿದ್ದ ಜಾಗವನ್ನು ಹಗುರವಾಗಿ ಮುಟ್ಟಿ ನೋಡಿದಳು. ಬೇರೆ ಗಂಟು ಕೈಗೆ ಸಿಗಲಿಲ್ಲ.

ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಅವಳು ಟ್ರಂಕು ತೆಗೆದು, ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಆಕಾಶದ ಬಣ್ಣದ ಟೆರಿಕಾಟನ್ನು ತಂದು ಅಂಗಡಿಯ ಮೇಜಿನ ಮೇಲೆ ಹರಡಿದಳು. ಮೂರು ವರ್ಷದ ಮಡಿಕೆಯ ಗೆರೆ ಬಿದ್ದಿತ್ತು. ಇಸ್ತ್ರಿ ಪೆಟ್ಟಿಗೆ ಕಾಯಿಸಿ ಗೆರೆ ಹೋಗುವಂತೆ ಉಜ್ಜಿದಳು.

"ಟೇಪು ಕೊಡಿ. ನೆಟ್ಟಗೆ ನಿಂತ್ಕೊಳ್ಳಿ."

ನರಸಿಂಹಪ್ಪನಿಗೆ ನಲವತ್ತಾರು ವರ್ಷ. ಊರಿನವರಿಗೆಲ್ಲ ಅಳತೆ ತೆಗೆದಿದ್ದ. ಅವನ ಅಳತೆಯನ್ನು ಇನ್ನೊಬ್ಬರು ತೆಗೆದದ್ದು ನೆನಪಿರಲಿಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಹೊಸ ಗಿರಾಕಿಯ ಹಾಗೆ ನಿಂತ. ಅವಳು ಎದೆಯ ಸುತ್ತ ಟೇಪು ತಂದಳು. "ಮೂವತ್ತಾರು," ಎಂದು ಪುಸ್ತಕದಲ್ಲಿ ಬರೆದಳು.

"ಮಂಗಳವಾರ ಆಗ್ಲಿ ಕಣೇ," ಎಂದ ಅವನು ಮೆಲ್ಲಗೆ. "ರಿಪೋರ್ಟ್ ಏನು ಬರ್ತದೋ ನೋಡ್ಕೊಂಡು ಕತ್ತರಿಸಿದ್ರಾಯ್ತು."

"ಮಂಗಳವಾರ ಯಾರಾದ್ರೂ ಹೊಸ ಬಟ್ಟೆಗೆ ಕತ್ತರಿ ಹಾಕ್ತಾರೇನ್ರೀ?"

ಅವನು ಕುರ್ಚಿಯ ಮೇಲೆ ಕುಳಿತು ಕಾಲು ನೀಡಿಕೊಂಡ. ಅವಳು ಬೆನ್ನಿನ ಭಾಗಕ್ಕೆ ಗೆರೆ ಎಳೆದಳು, ಭುಜದ ಇಳಿಜಾರು ಎಳೆದಳು, ಕಂಕುಳ ತಿರುವನ್ನು ಒಂದೇ ಸಲಕ್ಕೆ ಗೀರಿದಳು. ಪಕ್ಕದ ಹೊಲಿಗೆಗೆ ಬಂದಾಗ ಟೇಪು ಇಟ್ಟು, ಅಳೆದು, ಗೆರೆಯಿಂದ ದೂರಕ್ಕೆ, ಇನ್ನೂ ದೂರಕ್ಕೆ ಹೋಗಿ ಸೀಮೆಸುಣ್ಣದಿಂದ ಗುರುತು ಮಾಡಿದಳು. ನರಸಿಂಹಪ್ಪ ಕತ್ತು ಚಾಚಿ ನೋಡಿದ.

"ಲೇ, ಇದೇನೇ ಇದು? ಎರಡೆರಡು ಇಂಚು ಮಾರ್ಜಿನ್ನು! ಮುಕ್ಕಾಲು ಇಂಚು ಸಾಕು ಅಂತ ಎಷ್ಟು ಸಲ ಹೇಳ್ಕೊಟ್ಟಿಲ್ಲ?"

"ಬೇಕಾಗ್ತದೆ ಇರಿ," ಎಂದಳು ಮುತ್ಯಾಲಮ್ಮ, ತಲೆ ಎತ್ತದೆ. "ನಮ್ಮಪ್ಪನಿಗೂ ಐವತ್ತಾಗೋವರೆಗೆ ಹೊಟ್ಟೆ ಇರ್ಲಿಲ್ಲ. ಆಮೇಲೇ ಬಂದಿದ್ದು."

ಅವಳು ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡಾಗ ಬಟ್ಟೆ ಮೇಜಿನಿಂದ ಜಾರತೊಡಗಿತು. ನರಸಿಂಹಪ್ಪ ಕುರ್ಚಿಯಿಂದಲೇ ಬಗ್ಗಿ, ಅದರ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.